ಬೀಗದಂಗಡಿಯ ಭವಿಷ್ಯ

ನಾನು ಕಂಪ್ಯೂಟರ್ ವಿಜ್ಞಾನಿ. ಮುಂದೆ ಯಾವ ಯಂತ್ರ ಬರುತ್ತದೆ, ಯಾವುದು ಮೂಲೆ ಸೇರುತ್ತದೆ ಎಂದು ಮುಂಚಿತವಾಗಿ ಹೇಳುವುದು ನನ್ನ ಕೆಲಸ. ಹೊರಗೆ ನನ್ನ ಮಾತಿಗೆ ಬೆಲೆಯಿದೆ. ಸಭೆಗಳಲ್ಲಿ ದೊಡ್ಡವರು ಗಂಭೀರವಾಗಿ ತಲೆಯಾಡಿಸುತ್ತಾರೆ. ಮನೆಯಲ್ಲೂ ಬೆಲೆಯಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮನೆಯವರು ಅದನ್ನು ಮೊದಲು ತಲೆಕೆಳಗು ಮಾಡಿಕೊಳ್ಳುತ್ತಾರೆ.

ಫೋನಿಗೆ ಕ್ಯಾಮೆರಾ ಬಂದ ಕಾಲದಲ್ಲಿ ಇದು ಶುರುವಾಯಿತು. “ಫೋನು ಇರುವುದು ಕಿವಿಗೆ, ಕಣ್ಣಿಗಲ್ಲ. ಇದು ನಿಲ್ಲುವುದಿಲ್ಲ” ಎಂದು ಊಟದ ಮೇಜಿನಲ್ಲಿ ತೀರ್ಪು ಕೊಟ್ಟೆ. ಆಮೇಲೆ ಕಚೇರಿಗಳಿಂದ ಕಾಗದ ಮಾಯವಾಗುತ್ತದೆ ಎಂದೆ. ಹಾಗೆಂದು ನಾನು ಬರೆದ ವರದಿಯನ್ನು ನಮ್ಮ ಕಚೇರಿಯವರು ಎಷ್ಟು ಪ್ರತಿ ಮುದ್ರಿಸಿದರೆಂದರೆ, ಆ ಕಟ್ಟುಗಳ ಹಿಂದೆ ನನ್ನ ಕೋಣೆಯ ಕಿಟಕಿಯೇ ಮುಚ್ಚಿಹೋಯಿತು. ಮುಖ ತೋರಿಸಿಕೊಂಡು ಫೋನಿನಲ್ಲಿ ಮಾತಾಡುವುದು ಯಾರಿಗೆ ಬೇಕು, ಮನೆಯಲ್ಲಿ ಎಲ್ಲರೂ ಬನಿಯನ್‌ನಲ್ಲಿರುತ್ತಾರೆ ಎಂದೂ ಹೇಳಿದ್ದೆ. ಈಗ ನನ್ನ ಅರ್ಧ ದಿನ ಹಾಗೆಯೇ ಕಳೆಯುತ್ತದೆ, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪೈಜಾಮ.

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಅವಳು ಯಾವ ಸಾಮಾನು ಕೊಳ್ಳಬೇಕಾದರೂ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಾಳೆ. “ರೀ, ಇದು ಬಾಳಿಕೆ ಬರುತ್ತಾ?” ಎಂದು ಕೇಳುತ್ತಾಳೆ. ನಾನು ಎಲ್ಲ ಕಡೆಯಿಂದ ನೋಡಿ “ಬರಲ್ಲ” ಎನ್ನುತ್ತೇನೆ. ಅವಳು ಅಂಗಡಿಯವನ ಕಡೆ ತಿರುಗಿ “ಪ್ಯಾಕ್ ಮಾಡಿ” ಎನ್ನುತ್ತಾಳೆ. ಮಗಳು ಕಾಲೇಜಿನಲ್ಲಿ ಹಿಡಿದದ್ದೂ ‘ಇದು ಉದ್ಧಾರವಾಗುವುದಿಲ್ಲ’ ಎಂದು ನಾನು ಕೈತೊಳೆದುಕೊಂಡಿದ್ದ ವಿಷಯವನ್ನೇ, ಈಗ ಅವಳು ನನಗಿಂತ ಚೆನ್ನಾಗಿದ್ದಾಳೆ. ಇದರಲ್ಲಿ ಅವಮಾನ ಮಾಡುವ ಉದ್ದೇಶ ಯಾರಿಗೂ ಇಲ್ಲ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಅದನ್ನು ಹೀಗೆ ವಿವರಿಸುತ್ತಾರೆ: “ಒಂದೊಂದು ಸಲ ಸರಿ, ಒಂದೊಂದು ಸಲ ತಪ್ಪು ಹೇಳೋರು ಬೀದಿಗೊಬ್ಬರು ಸಿಕ್ತಾರೆ. ಅವರನ್ನ ಕಟ್ಕೊಂಡು ಏನು ಮಾಡೋದು? ಇಷ್ಟು ನಿಯತ್ತಾಗಿ ತಪ್ಪುವವನು ಸಿಗೋದು ನಮ್ಮ ಪುಣ್ಯ.”

ಯಾಕೆ ತಪ್ಪುತ್ತೇನೆ ಎಂದು ನಾನೂ ಯೋಚಿಸಿದ್ದೇನೆ. ಒಂದು ಯಂತ್ರ ಏನು ಮಾಡಬಲ್ಲದು ಎನ್ನುವುದನ್ನು ನಾನು ಸರಿಯಾಗಿಯೇ ಲೆಕ್ಕ ಹಾಕುತ್ತೇನೆ. ಜನ ಅದರ ಕೈಲಿ ಏನು ಮಾಡಿಸುತ್ತಾರೆ ಎನ್ನುವಲ್ಲಿ ಎಡವುತ್ತೇನೆ. ಜಗತ್ತಿನ ಜ್ಞಾನವನ್ನೆಲ್ಲ ಅಂಗೈಗೆ ತಂದುಕೊಟ್ಟೆವು, ಜನ ಬೆಕ್ಕು ಸೋಫಾದಿಂದ ಬೀಳುವುದನ್ನು ನೋಡುತ್ತಾ ಕೂತರು. ನಾನೂ ನೋಡಿದೆ. ಬೆಕ್ಕು ಚೆನ್ನಾಗಿಯೇ ಬಿತ್ತು.

ಇರಲಿ. ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ.

ಅಕ್ಕನದು ಬೀಗದಂಗಡಿ. ಕೀಲಿ ಕಳೆದುಕೊಂಡವರಿಗೆ ಇನ್ನೊಂದು ಕೀಲಿ ಕಡೆದುಕೊಡುತ್ತಾಳೆ. ಗೋಡೆಯ ತುಂಬ ಹಲ್ಲಿಲ್ಲದ ಖಾಲಿ ಕೀಲಿಗಳು, ಕರ್ರೋ ಎನ್ನುವ ಒಂದು ಮೆಷಿನ್, ಕೂತ ಕಡೆಯೆಲ್ಲ ಹಿತ್ತಾಳೆ ಪುಡಿ. ನಾನು ಓದಿದ್ದು ಆ ಅಂಗಡಿಯ ದೆಸೆಯಿಂದ. ಪಕ್ಕದ ಔಷಧಿ ಅಂಗಡಿಯವರು ತಮ್ಮದನ್ನು ದೊಡ್ಡದು ಮಾಡಬೇಕೆಂದು ಈಗ ಅದನ್ನು ಕೇಳಿದ್ದರು. ಸೋಮವಾರ ಉತ್ತರ ಕೊಡಬೇಕಿತ್ತು. ಅಕ್ಕ ಫೋನು ಮಾಡಿ, “ಪುಟ್ಟ, ಭಾನುವಾರ ಮಧ್ಯಾಹ್ನ ಬರ್ತೀವಿ. ಅಂಗಡಿಗೆ ಭವಿಷ್ಯ ಇದೆಯಾ ಇಲ್ವಾ, ಯೋಚನೆ ಮಾಡಿಟ್ಟಿರು. ನೀನು ಹೇಳಿದ ಹಾಗೆ ನಡ್ಕೋತೀನಿ” ಎಂದಳು. ತಲೆ ನರೆತು ಎಷ್ಟೋ ಕಾಲವಾಗಿದೆ, ಅವಳಿಗೆ ನಾನಿನ್ನೂ ಪುಟ್ಟ.

ನಾನು ಹೇಳಿದ ಹಾಗೆ ನಡೆದುಕೊಳ್ಳುವುದೆಂದರೆ ನಮ್ಮ ಮನೆಯಲ್ಲಿ ಏನರ್ಥವೆಂದು ಈಗ ನಿಮಗೂ ಗೊತ್ತು.

ನನ್ನ ನಿಜವಾದ ಅಭಿಪ್ರಾಯವೇನು? ಒಂದು ಕಾಲದಲ್ಲಿ ಕೀಲಿಗಳ ಕಥೆ ಮುಗಿಯಿತು ಎಂದೇ ನಂಬಿದ್ದೆ. ಆ ಹುಮ್ಮಸ್ಸಿನಲ್ಲಿ ನಮ್ಮ ಮನೆಯ ಬಾಗಿಲಿಗೆ ಮುಖ ನೋಡಿ ತೆರೆದುಕೊಳ್ಳುವ ಬೀಗ ಹಾಕಿಸಿದೆ. ಕ್ಷೌರ ಮಾಡಿಸಿಕೊಂಡು ಬಂದ ದಿನ ಅದು ನನ್ನನ್ನು ಗುರುತಿಸುವುದಿಲ್ಲ, ನೆಗಡಿಯಾದಾಗಲೂ ಇಲ್ಲ. “ದಯವಿಟ್ಟು ಬೆಳಕಿನ ಕಡೆ ತಿರುಗಿ” ಎನ್ನುತ್ತದೆ. ತಿರುಗಿದರೆ “ಕ್ಷಮಿಸಿ, ನೀವು ಯಾರು?” ಎನ್ನುತ್ತದೆ. ಭಾವ ಬಂದರೆ ಮಾತಿಲ್ಲದೆ ತೆರೆದುಕೊಳ್ಳುತ್ತದೆ. ಭಾವನಿಗೂ ನನಗೂ ರಕ್ತಸಂಬಂಧವಿಲ್ಲ, ಒಂದೇ ಥರದ ಮೀಸೆಯ ಸಂಬಂಧ ಮಾತ್ರ. ಮೆಟ್ಟಿಲ ಮೇಲೆ ಕೂತು ನಾನು ಮನುಕುಲದ ಮುಂದಿನ ದಿನಗಳ ಬಗ್ಗೆ ಬಹಳ ಚಿಂತನೆ ಮಾಡಿದ್ದೇನೆ.

ಹಾಗಾಗಿ ಬೀಗದಂಗಡಿ ಉಳಿಯುತ್ತದೋ ಅಳಿಯುತ್ತದೋ, ನನಗೆ ತಿಳಿದಿರಲಿಲ್ಲ. ಅಕ್ಕನಿಗೆ ಆ ಅಂಗಡಿಯೆಂದರೆ ಪ್ರಾಣ ಎನ್ನುವುದು ಮಾತ್ರ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದೆ. ಅದನ್ನು ಅವಳಿಂದ ಕಿತ್ತುಕೊಳ್ಳುವುದು ನನ್ನಿಂದ ಸಾಧ್ಯವಿರಲಿಲ್ಲ. ದಾರಿಯೂ ಸುಲಭವಾಗಿತ್ತು: ಅಂಗಡಿ ಮುಳುಗುತ್ತದೆ ಎಂದುಬಿಟ್ಟರೆ ಸಾಕು, ಅಕ್ಕ ಅದನ್ನು ಎಂದೂ ಬಿಡುವುದಿಲ್ಲ. ಬದುಕಿಡೀ ನನ್ನ ಅರಿವಿಲ್ಲದೆ ತಪ್ಪು ಹೇಳಿದ್ದೆ, ಒಮ್ಮೆ ಬೇಕೆಂದೇ ಹೇಳಿ ಅಕ್ಕನ ಋಣ ತೀರಿಸೋಣ ಎಂದುಕೊಂಡೆ. ನಾಲ್ಕಾರು ನಕ್ಷೆಗಳನ್ನೂ ಬರೆದೆ, ಎಲ್ಲದರಲ್ಲೂ ಗೆರೆ ಕೆಳಗಿಳಿಯುವ ಹಾಗೆ.

ಭಾನುವಾರ ಎಲ್ಲರೂ ನಡುಮನೆಯಲ್ಲಿ ಸೇರಿದರು. ಭಾವ ಎಂದಿನಂತೆ ದಿವಾನದ ಮೇಲೆ ಕಾಲು ಚಾಚಿ ಮಲಗಿದರು. ಅಕ್ಕ ಕುರ್ಚಿಯ ತುದಿಯಲ್ಲಿ ಚಹಾದ ಲೋಟ ಹಿಡಿದು ಕೂತಳು. ನಾನು ಗಂಟಲು ಸರಿಮಾಡಿಕೊಂಡೆ.

“ಅಕ್ಕ, ಎರಡು ವರ್ಷ. ಅಷ್ಟರೊಳಗೆ ಬೀಗ, ಕೀಲಿ ಎಲ್ಲ ಮುಗೀತು. ಅಂಗಡಿಗೆ ಭವಿಷ್ಯ ಇಲ್ಲ.”

ಮನೆಯಲ್ಲಿ ಸಂಭ್ರಮ ಶುರುವಾಯಿತು. “ಅತ್ತಿಗೆ, ಗೆದ್ರಿ ನೀವು” ಎಂದಳು ಹೆಂಡತಿ. “ಅತ್ತೆ, ಹೊಸ ಮೆಷಿನ್ ತಗೊಳ್ಳಿ” ಎಂದಳು ಮಗಳು. ಭಾವ ಕಣ್ಣು ಮುಚ್ಚಿಕೊಂಡೇ “ಬೋರ್ಡಿಗೆ ಬಣ್ಣ ಹೊಡಿಸೋಣ” ಎಂದರು.

ಅಕ್ಕ ನಕ್ಕಳು. ಫೋಟೋ ತೆಗೆಯುವವನು ಬಹಳ ಹೊತ್ತು ಕಾಯಿಸಿದಾಗ ನಗುತ್ತೇವಲ್ಲ, ಅಂಥ ನಗು. “ಖಂಡಿತಾನಾ ಪುಟ್ಟ? ಉಳಿಯೋ ಸಾಧ್ಯತೆ ಸ್ವಲ್ಪಾನೂ ಇಲ್ವಾ?”

ನಾನು ಬೇಕೆಂದೇ ಸುಳ್ಳು ಹೇಳುತ್ತಿರುವುದು ಗೊತ್ತಾಗಿ ಅನುಮಾನಪಡುತ್ತಿದ್ದಾಳೆ ಎಂದುಕೊಂಡು ಪಟ್ಟು ಬಿಗಿ ಮಾಡಿದೆ. “ಎರಡು ವರ್ಷ ಅಂದಿದ್ದೇ ಜಾಸ್ತಿ ಆಯ್ತು. ಒಂದು ವರ್ಷ ಇಟ್ಕೋ.”

ಅವಳ ಮುಖ ಇನ್ನಷ್ಟು ಬಾಡಿತು. “ಇನ್ನೊಂದು ಸಲ ಯೋಚನೆ ಮಾಡು” ಎಂದಳು.

“ಆರು ತಿಂಗಳು” ಎಂದೆ. ನಾನು ಅಂಗಡಿಯ ಆಯುಸ್ಸನ್ನು ಕಡಿಮೆ ಮಾಡಿದಷ್ಟೂ ಮನೆಯವರ ಲೆಕ್ಕದಲ್ಲಿ ಅದು ಬೆಳೆಯುತ್ತಲೇ ಹೋಯಿತು. ಮಗಳು ಆಗಲೇ ಎರಡನೆಯ ಶಾಖೆಗೆ ಜಾಗ ಹುಡುಕುತ್ತಿದ್ದಳು. ಅಕ್ಕನ ಕಣ್ಣಲ್ಲಿ ನೀರು ತುಂಬಿತು.

ಎಲ್ಲಿ ತಪ್ಪಿದೆ ಎಂದು ನನಗೆ ಅರ್ಥವಾಗಲಿಲ್ಲ. ಆದರೆ ಅಕ್ಕ ಅಳುವುದನ್ನು ನೋಡಿಕೊಂಡು ನಾಟಕ ಮುಂದುವರಿಸುವ ಗಟ್ಟಿತನ ನನಗಿಲ್ಲ. ನಕ್ಷೆಗಳನ್ನು ಮಡಚಿ ಪಕ್ಕಕ್ಕಿಟ್ಟೆ.

“ಅಕ್ಕ, ನಿಜ ಹೇಳ್ತೀನಿ. ನನಗೆ ಗೊತ್ತಿಲ್ಲ.”

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ನಮ್ಮ ಕಸುಬಿನಲ್ಲಿ ಯಾರೂ ಅದನ್ನು ಹೇಳುವುದಿಲ್ಲ. ಹೇಳಿದರೆ ವೇದಿಕೆಗೆ ಕರೆಯುವುದಿಲ್ಲ.

“ಇದರ ಉಲ್ಟಾ ಏನು?” ಎಂದಳು ಮಗಳು, ಸ್ವಲ್ಪ ಗಾಬರಿಯಿಂದ.

“ಇವರಿಗೆ ಗೊತ್ತಿದೆ ಅಂತ” ಎಂದಳು ಹೆಂಡತಿ.

“ಅದೊಂದು ಸಾಧ್ಯವಿಲ್ಲ” ಎಂದರು ಭಾವ. “ಇವನಿಗೆ ಗೊತ್ತಿಲ್ಲ ಅಂದ್ರೆ, ಅದರ ಉಲ್ಟಾ, ಇಲ್ಲಿ ಬೇರೆ ಯಾರಿಗೋ ಗೊತ್ತಿದೆ.”

ಒಬ್ಬೊಬ್ಬರಾಗಿ ಎಲ್ಲರೂ ಅಕ್ಕನ ಕಡೆ ತಿರುಗಿದೆವು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಂಗಡಿ ಉಳಿಯುತ್ತೋ ಇಲ್ವೋ ನನಗೂ ಗೊತ್ತಿಲ್ಲ. ನನಗೆ ಸಾಕಾಗಿದೆ ಅನ್ನೋದು ಗೊತ್ತು. ನೀನು ‘ಉಳಿಯುತ್ತೆ’ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಪುಟ್ಟ. ಎಲ್ಲರೂ ಸೇರಿ ‘ಮುಚ್ಚಿಬಿಡು’ ಅಂತಿದ್ರು, ನಾನು ಯಾರ ಮನಸ್ಸೂ ನೋಯಿಸದೆ ಮುಚ್ಚಿಬಿಡ್ತಿದ್ದೆ.”

“ನೇರವಾಗಿ ಹೇಳಬಹುದಿತ್ತಲ್ಲ ಅಕ್ಕ.”

“ಹೇಗೆ ಹೇಳಲಿ? ಅಂಗಡಿ ಮೇಲೆ ನಿಮಗೆಲ್ಲ ಎಷ್ಟು ಅಭಿಮಾನ. ನೀನಂತೂ ಪ್ರತಿ ಭಾಷಣದಲ್ಲೂ ಅದನ್ನ ಹೇಳ್ಕೊಂಡು ಕಣ್ಣಲ್ಲಿ ನೀರು ತಂದ್ಕೋತೀಯ.”

ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಅಂಗಡಿಗೆ ಭವಿಷ್ಯ ಇದೆಯೇ ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆವು. ಅಕ್ಕನಿಗೆ ಏನು ಬೇಕೆಂದು ನಾವ್ಯಾರೂ ಕೇಳಿರಲಿಲ್ಲ. ಈಗ ಕೇಳಿದೆ.

“ಈಜು ಕಲೀಬೇಕು” ಎಂದಳು.

ಭಾವ ದಿವಾನದ ಮೇಲೆ ಎದ್ದು ಕೂತರು. ನಮ್ಮ ಮನೆಯಲ್ಲಿ ಅವರು ಎದ್ದು ಕೂತದ್ದನ್ನು ನಾನು ನೋಡಿರಲಿಲ್ಲ. “ನಿನಗೆ ನೀರು ಕಂಡ್ರೆ ಹೆದರಿಕೆ ಅಲ್ವೇನೇ?”

“ಹೆದರಿಕೆನೇ. ಆದರೆ ಆ ಅಂಗಡೀಲಿ ಎರಡೂ ಕೈ ಒಟ್ಟಿಗೆ ಚಾಚೋಕಾಗಲ್ಲ. ಒಂದು ಕಡೆ ಮೆಷಿನ್, ಇನ್ನೊಂದು ಕಡೆ ಗೋಡೆ. ನೀರಿನ ಮೇಲೆ ಕೈಕಾಲು ಬಿಟ್ಟು ಸುಮ್ಮನೆ ಮಲಗಬೇಕು ಅಂತ ಎಷ್ಟೋ ದಿನದಿಂದ ಆಸೆ.” ಅವಳು ನನ್ನ ಕಡೆ ನೋಡಿದಳು. “ನೀನೇ ಹೇಳು ಪುಟ್ಟ. ಈ ವಯಸ್ಸಲ್ಲಿ ನನಗೆ ಈಜು ಬರುತ್ತಾ?”

ನಾನು ಎದ್ದು ನಿಂತೆ. ನನ್ನ ಪದವಿಗಳನ್ನೂ, ಸಭೆಗಳಲ್ಲಿ ತಲೆಯಾಡಿಸಿದ ದೊಡ್ಡವರನ್ನೂ ನೆನೆಸಿಕೊಂಡು, ಇಷ್ಟು ವರ್ಷದ ಅನುಭವವನ್ನೆಲ್ಲ ದನಿಗೆ ತಂದುಕೊಂಡೆ.

“ಬರಲ್ಲ ಅಕ್ಕ. ಈ ಜನ್ಮದಲ್ಲಿ ಸಾಧ್ಯವೇ ಇಲ್ಲ. ಕೈ ಬಿಟ್ಟ ಮರುಕ್ಷಣ ಗುಂಡುಕಲ್ಲಿನ ಹಾಗೆ ತಳ ಸೇರ್ತೀಯ.”

ಅಕ್ಕನ ಮುಖ ಅರಳಿತು.

“ಹಾಗಾದ್ರೆ ನಾಳೆನೇ ಈಜಿನ ಕ್ಲಾಸಿಗೆ ಸೇರ್ಕೋತೀನಿ” ಎಂದಳು.