ತಲೆಗೆ ಹಚ್ಚಿದ್ದು ಗಲ್ಲಕ್ಕೆ ಬಂತು

ನಮ್ಮ ಗಿರಣಿ ಊರು ಮಹಲ್ಲಾದಲ್ಲಿ ಹೆಣ್ಣುಮಕ್ಕಳ ತಲೆಗೂದಲು ಉದುರುವುದು ಹೊಸದೇನಲ್ಲ. ಗಿರಣಿಯ ಹತ್ತಿ ಧೂಳು ಎನ್ನುತ್ತಾರೆ, ಕಣ್ಣು ಬಿದ್ದಿದೆ ಎನ್ನುತ್ತಾರೆ. ಕಾರಣ ಹುಡುಕುವವರು ಯಾರೂ ಇಲ್ಲ, ಮದ್ದು ಹೇಳುವವರು ಮಾತ್ರ ಬೀದಿ ತುಂಬ. ಹಾಗೆ ಹೇಳಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಕಥೆ ಹೇಳುವಾಗ ನನಗೆ ಮೊದಲು ಸಿಟ್ಟು ಬರುವುದು ನನ್ನ ಮೇಲೆಯೇ.

ನಾನು ಉಮ್ ಸಫಿಯಾ, ಅಂದರೆ ಸಫಿಯಾಳ ತಾಯಿ. ಸಕ್ಕರೆಗೆ ನಿಂಬೆರಸ ಹಿಂಡಿ ಅಂಟುಪಾಕ ಕಾಯಿಸಿ ಹೆಂಗಸರ ಕೈಕಾಲು, ಮುಖದ ಕೂದಲು ತೆಗೆಯುವುದು ನನ್ನ ಕಸುಬು. ಪಕ್ಕದ ಮನೆಯ ಇನ್ತಿಸಾರ್ ಗಿರಣಿಯಲ್ಲಿ ನೂಲು ಸುತ್ತುವ ಹುಡುಗಿ. ಬಕ್ರೀದ್ ಕಳೆದ ಮೇಲೆ ಅವಳ ಮದುವೆ. ಚಳಿಗಾಲದಲ್ಲಿ ಒಂದು ದಿನ ತಲೆ ಬಗ್ಗಿಸಿ ನೆತ್ತಿ ತೋರಿಸಿದಳು. ಬೈತಲೆ ಎರಡು ಬೆರಳಗಲ ಆಗಿತ್ತು.

"ಗಿಡಮೂಲಿಕೆ ಮಾರೋ ಫರಜ್ ಅಂಗಡೀಲಿ ಗರ್ಗೀರ್ ಸೊಪ್ಪಿನ ಎಣ್ಣೆ ಸಿಗುತ್ತೆ, ತಗೋ. ಬರೀ ಸೊಪ್ಪು, ಏನೂ ತೊಂದ್ರೆ ಇಲ್ಲ" ಎಂದೆ. ಬಾಟಲಿಯ ಮೇಲೆ ಒಂದು ಚೀಟಿಯೂ ಇರಲಿಲ್ಲ. ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಮೂರು ತಿಂಗಳಿಗೆ ನೆತ್ತಿಯಲ್ಲಿ ಎಳೆಗೂದಲು ಬಂತು. ಕೆನ್ನೆ, ಗಲ್ಲದ ಮೇಲೂ ಬಂತು. ಗಂಡಿನ ತಾಯಿ ಜೀನಾತ್ ಒಂದು ದಿನ ಮುತ್ತಿಡಲು ಬಂದವಳು ಹುಡುಗಿಯ ಗಲ್ಲ ಸವರಿ, ಕೂತ ಹೆಂಗಸರೆಲ್ಲರ ಮುಂದೆ ಬಾಯಿ ಬಿಟ್ಟಳು.

"ಇದೇನಮ್ಮಾ, ನಮ್ಮ ಸಾಬಿರನ ಗಡ್ಡಕ್ಕಿಂತ ಚೆನ್ನಾಗಿ ಬೆಳೆದಿದೆ! ನಾನು ಮಗನಿಗೆ ಹೆಂಡತಿ ಕೇಳಿದ್ದೆ, ಜೊತೆಗಾರನನ್ನಲ್ಲ. ಹಬ್ಬದೊಳಗೆ ಇದು ಹೋಗ್ಲಿಲ್ಲ ಅಂದ್ರೆ ಉಂಗುರ ವಾಪಸ್ ಕಳಿಸಿಬಿಡಿ."

ನನ್ನ ಮೈ ಉರಿದುಹೋಯಿತು. ಗಲ್ಲದ ಮೇಲೆ ನಾಲ್ಕು ಕೂದಲು ಬಂದರೆ ಹೆಣ್ಣುತನವೇ ಹೋಯಿತೇ? ಇಪ್ಪತ್ತೆಂಟು ವರ್ಷದಿಂದ ಈ ಊರಿನ ಹೆಂಗಸರ ಮುಖ ನನ್ನ ಕೈಯಲ್ಲಿದೆ. ಒಂದು ಕೂದಲೂ ಇಲ್ಲದ ಮುಖ ನಾನಿನ್ನೂ ಕಂಡಿಲ್ಲ. ನಯವಾದ ಕೆನ್ನೆ ಹೊತ್ತು ಮೆರೆಯುವವರೆಲ್ಲ ಹಿಂದಿನ ವಾರ ನನ್ನ ಚಾಪೆಯ ಮೇಲೆ ಅಯ್ಯೋ ಅಮ್ಮಾ ಎಂದವರೇ!

ಇನ್ತಿಸಾರ್ ಅಳುತ್ತಾ ಬಂದಳು. ಪಾಕ ಹಚ್ಚಲು ಅವಳ ಮುಖವನ್ನು ಬೆಳಕಿಗೆ ತಿರುಗಿಸಿದೆ. ಕೂದಲು ಅಲ್ಲಲ್ಲಿ ಚದುರಿರಲಿಲ್ಲ. ಕಿವಿಯ ಪಕ್ಕದಿಂದ ಇಳಿದು, ಕೆನ್ನೆಯ ಅಂಚಿನಲ್ಲೇ ಸಾಗಿ ಗಲ್ಲದ ಕೆಳಗೆ ಕೂಡಿತ್ತು. ಸ್ಕಾರ್ಫ್ ಎಲ್ಲಿ ಬಿಗಿಯುತ್ತದೋ ಅಲ್ಲೇ.

"ಎಣ್ಣೆ ಯಾವಾಗ ಹಚ್ತೀಯ?"

"ಬೆಳಿಗ್ಗೆ, ಚಿಕ್ಕಮ್ಮ. ಆರಕ್ಕೆ ಪಾಳಿ ಅಲ್ವಾ. ಹಚ್ಕೊಂಡು ಹಂಗೇ ಸ್ಕಾರ್ಫ್ ಬಿಗಿದು ಓಡ್ತೀನಿ. ಬೇಗ ಬೆಳೀಲಿ ಅಂತ ಎರಡು ಪಟ್ಟು ಹಚ್ತೀನಿ."

ಪಾಕದ ಬಟ್ಟಲು ಪಕ್ಕಕ್ಕಿಟ್ಟೆ. "ಏಳು, ಔಷಧಿ ಅಂಗಡಿಗೆ ಹೋಗೋಣ" ಎಂದೆ.

ಅವಳ ತಾಯಿ ತಹಿಯಾ ಬಾಗಿಲಿಗೆ ಅಡ್ಡ ನಿಂತಳು. "ಯಾವ ಔಷಧೀನೂ ಬೇಡ. ಎಲ್ಲಾ ಬಿಟ್ಟುಬಿಡ್ಲಿ. ತಲೆ ಬೋಳಾದ್ರೆ ಮುಚ್ಚೋಕೆ ಸ್ಕಾರ್ಫ್ ಇದೆ. ಗಲ್ಲಕ್ಕೆ ಏನಿದೆ?"

"ಅಮ್ಮಾ, ಸ್ಕಾರ್ಫ್ ತೆಗೆದಾಗ ಕನ್ನಡೀಲಿ ನೋಡ್ಕೊಳ್ಳೋಳು ನಾನು" ಎಂದಳು ಇನ್ತಿಸಾರ್. ತಹಿಯಾ ಗೊಣಗುತ್ತಲೇ ನಮ್ಮ ಹಿಂದೆ ಬಂದಳು.

ಔಷಧಿ ಅಂಗಡಿಯ ನಗ್ವಾ ಓದಿದ ಹೆಂಗಸು, ನೇರ ಮಾತಿನವಳು. ಬಾಟಲಿ ಮೂಸಿದಳು, ಹುಡುಗಿಯ ಮುಖ ನೋಡಿದಳು. "ಯಾರು ಕೊಟ್ರು ಇದನ್ನ?" ಎಂದಳು. ಫರಜ್ ಹೆಸರು ಹೇಳಿದೆವು.

"ಓಹೋ! ಪ್ರತಿ ತಿಂಗಳೂ ನನ್ನ ಹತ್ರ ಎಂಟು ಡಬ್ಬಿ ಮಿನಾಕ್ಸಿಡಿಲ್ ತಗೊಂಡು ಹೋಗ್ತಾನೆ. ತನ್ನ ಬೋಳುತಲೆಗೆ ಅಂತ ಹೇಳ್ತಿದ್ದ. ಎಂಟು ಡಬ್ಬಿ ನಿಜವಾಗ್ಲೂ ಹಚ್ಚಿದ್ರೆ ಇಷ್ಟೊತ್ತಿಗೆ ಅವನ ತಲೇಲಿ ಕುರಿ ಮೇಯಬೇಕಿತ್ತು!"

ಫರಜ್ ಸೊಪ್ಪಿನೆಣ್ಣೆಗೆ ಬೆರೆಸುತ್ತಿದ್ದದ್ದು ಅದನ್ನೇ. ಮಿನಾಕ್ಸಿಡಿಲ್ ಎಂದರೆ ನೆತ್ತಿಯಲ್ಲಿ ಕೂದಲು ಬೆಳೆಸುವ ಔಷಧಿ. ಒಳ್ಳೆಯದೇ. ಆದರೆ ಅದಕ್ಕೆ ನೆತ್ತಿ ಯಾವುದು, ಕೆನ್ನೆ ಯಾವುದು ಗೊತ್ತಿಲ್ಲ. ತಾಗಿದ ಕಡೆ ಬೆಳೆಸುತ್ತದೆ. ಜಾಸ್ತಿ ಹಚ್ಚಿದರೆ ಮೈಯೊಳಗೂ ಸೇರಿ ಬೇರೆ ಕಡೆಯೂ ಬೆಳೆಸಬಹುದು.

ನಗ್ವಾಳನ್ನೂ ಕರೆದುಕೊಂಡು ಅಲ್ಲಿಂದ ನೇರ ಫರಜ್ ಅಂಗಡಿಗೆ ಹೋದೆವು. ಅವನಿಗೆ ನಾಚಿಕೆಯೂ ಆಗಲಿಲ್ಲ. "ಜನ ಫಲ ಕೇಳ್ತಾರೆ. ಬರೀ ಸೊಪ್ಪಲ್ಲಿ ಫಲ ಎಲ್ಲಿಂದ ತರ್ಲಿ?" ಎಂದ.

ನಗ್ವಾ ಕೂಗಿದಳು. "ಬಸುರಿ ಹೆಂಗಸು ಹಚ್ಕೊಂಡಿದ್ರೆ? ಹಾಲೂಡಿಸೋ ತಾಯಿ ಹಚ್ಕೊಂಡಿದ್ರೆ? ಅವರಿಗೆ ಈ ಔಷಧಿ ಆಗಲ್ಲ. ಯಾರ್ಯಾರಿಗೆ ಕೊಟ್ಟಿದೀಯೋ, ನೆನಪಾದ್ರೂ ಇದ್ಯಾ ನಿಂಗೆ?"

ಅವನು ಬಾಟಲಿಗಳನ್ನು ಮೇಜಿನ ಕೆಳಗೆ ಸರಿಸತೊಡಗಿದ. ಬೆಳ್ಳಗಿರುವುದೆಲ್ಲ ಹಾಲಲ್ಲ, ಫರಜ್‌ನ ಅಂಗಡಿಯಲ್ಲಿ ಹಸಿರಾಗಿರುವುದೆಲ್ಲ ಸೊಪ್ಪಲ್ಲ. ನಗ್ವಾ ಅಂದೇ ಅಧಿಕಾರಿಗಳಿಗೆ ದೂರು ಬರೆದಳು, ಸಾಕ್ಷಿಗೆ ನಾನು ಹೆಬ್ಬೆಟ್ಟು ಒತ್ತಿದೆ. ಬಾಟಲಿಗಳು ಅಂಗಡಿಯಿಂದ ಮಾಯವಾದವು.

ಮರುದಿನ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು, "ತಿಂಗಳ ಮುಟ್ಟು ಸರಿಯಾಗಿ ಆಗುತ್ತಾ?" ಎಂದು. ತಹಿಯಾ ಸಿಡುಕಿದಳು. "ಕೂದಲಿಗೂ ಅದಕ್ಕೂ ಏನು ಸಂಬಂಧ?"

"ಇದೆಯಮ್ಮ. ಮುಟ್ಟು ಏರುಪೇರಾಗಿ, ನೆತ್ತೀಲಿ ಕೂದಲು ಕಮ್ಮಿಯಾಗಿ, ಮುಖದ ಮೇಲೆ ಜಾಸ್ತಿಯಾದ್ರೆ ಹಾರ್ಮೋನು ನೋಡ್ಬೇಕು. ಅದಕ್ಕೆ ಬೇರೆ ಮಾತ್ರೆ ಇದೆ, ಎರಡಕ್ಕೂ ಸಹಾಯ ಮಾಡುತ್ತೆ. ಆದ್ರೆ ಡಾಕ್ಟರ್ ಹೇಳದೆ ನುಂಗೋ ಹಾಗಿಲ್ಲ, ಬಸುರಿಯಂತೂ ಮುಟ್ಟಲೇಬಾರದು."

ಇನ್ತಿಸಾರ್‌ಗೆ ಮುಟ್ಟು ಸರಿಯಾಗಿತ್ತು. ರಕ್ತ ನೋಡಿದರೆ ಕಬ್ಬಿಣದಂಶ ಪಾತಾಳದಲ್ಲಿತ್ತು. ನಾವೋ, ಬೇಯಿಸಿದ ಅವರೆಯಂಥ ಕಾಳು ತಿಂದು ಕೈ ತೊಳೆಯುವ ಮೊದಲೇ ಕಪ್ಪು ಚಹಾ ಕುಡಿಯುವ ಜನ. ಆ ಚಹಾ ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ಮೂರು ತಲೆಮಾರಿನಿಂದ ಹಾಗೇ ಕುಡಿದಿದ್ದೇವೆ, ಯಾರಾದರೂ ಹೇಳಿದ್ದರೇ?

ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಕೊಟ್ಟರು. ಎರಡು ತಿಂಗಳಾದ ಮೇಲೆ ಅದೇ ಮಿನಾಕ್ಸಿಡಿಲನ್ನು ಹೆಂಗಸರಿಗೆ ಹೇಳಿದ ಪ್ರಮಾಣದಲ್ಲಿ ಬರೆದುಕೊಟ್ಟರು. ತಹಿಯಾ ಹೌಹಾರಿದಳು. "ಮತ್ತೆ ಅದೇನಾ?"

ಔಷಧಿ ಕೊಳ್ಳಲು ಹೋದಾಗ ನಗ್ವಾ ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. "ಚಾಕು ಅದೇ, ಹಿಡಿಯೋ ಕೈ ಬೇರೆ. ಒಣಗಿದ ನೆತ್ತಿಗೆ ಮಾತ್ರ, ಅಳತೆ ಮಾಡಿ ಹಚ್ಚು. ಹಣೆಗೆ ಇಳಿದ್ರೆ ತಕ್ಷಣ ತೊಳಿ. ಕೈ ಸೋಪು ಹಾಕಿ ತೊಳಿ. ಪಾಳಿ ಮುಗಿಸಿ ಮನೆಗೆ ಬಂದ್ಮೇಲೆ ಹಚ್ಚಿ, ಪೂರ್ತಿ ಒಣಗೋವರೆಗೂ ಸ್ಕಾರ್ಫ್ ಬೇಡ, ದಿಂಬೂ ಬೇಡ. ಮೊದಲ ವಾರಗಳಲ್ಲಿ ಸ್ವಲ್ಪ ಜಾಸ್ತಿ ಉದುರಬಹುದು, ಹೆದರ್ಬೇಡಿ. ಫಲ ಕಾಣೋಕೆ ನಾಲ್ಕಾರು ತಿಂಗಳು ಬೇಕು. ಮತ್ತೆ ಮುಖದ ಮೇಲೆ ಬಂತು ಅಂದ್ರೆ ಬಚ್ಚಿಡ್ಬೇಡ, ಬಂದು ಹೇಳು. ಮಗು ಬೇಕು ಅನ್ನಿಸಿದಾಗ ಮೊದಲೇ ಬಾ, ನಿಲ್ಲಿಸ್ಬೇಕಾಗುತ್ತೆ."

ಅಂದಿನಿಂದ ತಹಿಯಾಳೇ ಕಾವಲು. ಮಗಳು ಒದ್ದೆ ತಲೆಗೆ ಸ್ಕಾರ್ಫ್ ಎತ್ತಿಕೊಂಡರೆ ಕಿತ್ತುಕೊಳ್ಳುತ್ತಿದ್ದಳು. ಊಟವಾಗಿ ಒಂದು ತಾಸು ಚಹಾದ ಪಾತ್ರೆ ಅವಳ ವಶದಲ್ಲಿ. ಫರಜ್‌ನ ಎಣ್ಣೆ ನಿಂತಿದ್ದರಿಂದ ಹಬ್ಬದ ಹೊತ್ತಿಗೆ ಹುಡುಗಿಯ ಗಲ್ಲದ ಕೂದಲು ತಾನಾಗಿಯೇ ಕಳಚಿ, ನನ್ನ ಪಾಕಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಉಂಗುರ ಬೆರಳಲ್ಲೇ ಉಳಿಯಿತು.

ಮದುವೆಗೆ ವಾರವಿರುವಾಗ ಇನ್ತಿಸಾರ್ ನನ್ನ ಮನೆಯಲ್ಲಿ ಕೈಗೆ ಪಾಕ ಹಾಕಿಸಿಕೊಳ್ಳುತ್ತ ಕೂತಿದ್ದಳು. ಜೀನಾತ್ ಸ್ಕಾರ್ಫಿನಲ್ಲಿ ಗಲ್ಲ ಮುಚ್ಚಿಕೊಂಡು ಬಂದಳು. ಭಾವಿ ಸೊಸೆಯನ್ನು ಕಂಡು ಹಿಂತಿರುಗಲು ನೋಡಿದಳು. ನಾನು ಬಾಗಿಲು ಹಾಕಿದೆ. ಜೀನಾತ್‌ಳ ಸ್ಕಾರ್ಫ್ ಬಿಚ್ಚಿಸಿದೆ. ನೆತ್ತಿ ಬಯಲು, ಕೆನ್ನೆಯ ಅಂಚಿನಲ್ಲಿ ಗಲ್ಲದವರೆಗೂ ಅದೇ ಕೂದಲ ಸಾಲು!

ಇನ್ತಿಸಾರ್ ಎದ್ದು ಹತ್ತಿರ ಬಂದಳು. "ಎಷ್ಟು ತಿಂಗಳಿಂದ ಹಚ್ತಿದೀರಿ, ಅತ್ತೆ?"

ಜೀನಾತ್ ನೆಲ ನೋಡಿದಳು. "ಫರಜ್ ಹತ್ರ ನಾಲ್ಕು ಬಾಟಲಿ ಮೊದಲೇ ತಂದಿಟ್ಟಿದ್ದೆ. ಯಾರಿಗೂ ಹೇಳ್ಬೇಡ ಕಣೇ."

"ನಾಲ್ಕು ಜನರ ಮುಂದೆ ನೀವು ನನ್ನ ಗಲ್ಲದ ಸುದ್ದಿ ಹೇಳಿದ್ರಿ. ನಾನು ನಿಮ್ಮದು ಹೇಳಲ್ಲ. ಆದ್ರೆ ಆ ಬಾಟಲಿ ಸುದ್ದಿ ಮನೆಮನೆಗೂ ಹೇಳ್ತೀನಿ. ಏಳಿ, ಮೊದಲು ತಲೆ ತೊಳ್ಕೊಳ್ಳಿ. ನಾಳೆ ಡಾಕ್ಟರಮ್ಮನ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ಅತ್ತೆಯ ತಲೆಗೆ ನೀರು ಹೊಯ್ದವಳೂ ಅವಳೇ.

ಇದನ್ನು ಕೇಳುತ್ತಿರುವ ತಾಯಂದಿರೇ, ತಂಗಿಯರೇ, ಹೆಸರು ಚೀಟಿ ಇಲ್ಲದ ಬಾಟಲಿಯನ್ನು ತಲೆಗೆ ಸುರಿಯಬೇಡಿ, ಹೇಳಿದವಳು ನನ್ನಂಥ ಪಕ್ಕದ ಮನೆಯವಳೇ ಆಗಿದ್ದರೂ. ಕೂದಲು ಉದುರಿದರೆ ಮೊದಲು ಕಾರಣ ಹುಡುಕಿಸಿ, ಆಮೇಲೆ ಔಷಧಿ. ಹಚ್ಚಿದ್ದು ಒಣಗಲಿ, ಆಮೇಲೆ ತಲೆ ಮುಚ್ಚಿ. ಇನ್ನೊಬ್ಬಳ ಗಲ್ಲ ಸವರಿ ನಗಬೇಕೆನಿಸಿದರೆ, ಮೊದಲು ನಿಮ್ಮ ಗಲ್ಲವನ್ನು ಮುಟ್ಟಿ ನೋಡಿಕೊಳ್ಳಿ.