ಮುಂದಿನ ಸೀಟು

"ಇನ್ನೂ ಹತ್ರ ನಿಂತ್ಕೊಳ್ರಪ್ಪಾ. ಮಧ್ಯ ಒಂದು ಸಿಟಿ ಬಸ್ ಹೋಗೋಷ್ಟು ಜಾಗ ಬಿಟ್ಟಿದೀರಲ್ಲ," ಎಂದರು ಅತ್ತೆ ಚಾಮುಂಡೇಶ್ವರಿ, ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು.

ಅಬುಧಾಬಿಯ ದೊಡ್ಡ ಮಸೀದಿಯ ಬಿಳಿ ಅಂಗಳ. ಸೀರೆಯ ಮೇಲೆ ಕಪ್ಪು ಅಬಾಯಾ ಹಾಕಿಕೊಂಡಿದ್ದ ಅತ್ತೆ, ಈ ವೇಷದಲ್ಲಿ ಹೋದರೆ ಮೈಸೂರಿನಲ್ಲಿ ನಮ್ಮ ಬೀದಿಯ ನಾಯಿಯೂ ಗುರುತು ಹಿಡಿಯುವುದಿಲ್ಲ ಎಂದು ಆಗಲೇ ಮೂರು ಸಲ ಹೇಳಿ ನಕ್ಕಿದ್ದರು. ಮಾನಸಳೂ ಮೂರು ಸಲ ನಕ್ಕಿದ್ದಳು.

ಇನ್ನು ಎರಡು ದಿನ. ಶುಕ್ರವಾರ ಅತ್ತೆ ವಿಮಾನ ಹತ್ತುತ್ತಾರೆ. ಶನಿವಾರ ಮಾನಸ ಅಲ್ ಬರ್ಷಾದ ಮನೆ ಬಿಟ್ಟು ಸಿಲಿಕಾನ್ ಓಯಸಿಸ್‌ನ ಸ್ಟುಡಿಯೋ ಫ್ಲ್ಯಾಟಿಗೆ ಹೋಗುತ್ತಾಳೆ. ವಿಚ್ಛೇದನದ ಮಾತು ಅಮ್ಮ ಊರು ತಲುಪುವವರೆಗೆ ಬೇಡ ಎಂದು ಚಿರಂತನ್ ಕೇಳಿಕೊಂಡಿದ್ದ, ಅವಳು ಒಪ್ಪಿದ್ದಳು. ಹದಿನೆಂಟು ದಿನಗಳಿಂದ ಅತ್ತೆ ಏಳುವ ಮೊದಲೇ ನೆಲದ ಮೇಲಿನ ಅವನ ಹಾಸಿಗೆ ಮಂಚದಡಿ ಸೇರುತ್ತಿತ್ತು. ಕಾರಿನಲ್ಲಿ ಮಾನಸ ಹಿಂದೆ ಕೂರಲು ಹೋದಾಗಲೆಲ್ಲ ಅತ್ತೆ ತಡೆಯುತ್ತಿದ್ದರು: "ಗಂಡನ ಪಕ್ಕ ನೀನು ಕೂತ್ಕೊ. ಅದು ನಿನ್ ಜಾಗ."

ಚಿರಂತನ್ ಅವಳ ಹೆಗಲ ಮೇಲೆ ಕೈಯಿಟ್ಟ. ಬ್ಯಾಗಿನ ಪಟ್ಟಿಯಷ್ಟೇ ಭಾರ.

ಕಾವಲುಗಾರನೊಬ್ಬ ಬೆರಳಾಡಿಸುತ್ತ ಬಂದ. ಇಲ್ಲಿ ಮುಟ್ಟಿಕೊಂಡು ಫೋಟೋ ತೆಗೆಯುವಂತಿಲ್ಲ, ಗಂಡ ಹೆಂಡತಿಯಾದರೂ ಅಷ್ಟೇ ಎಂದು ಹಿಂದಿಯಲ್ಲಿ ಹೇಳಿದ. ಕೈ ತಟ್ಟನೆ ಕೆಳಗಿಳಿಯಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಅತ್ತೆಯ ಫೋನು ಇನ್ನೂ ಮೇಲೆಯೇ ಇತ್ತು.

ಕಾರ್ನಿಶ್‌ನ ಕಡಲ ದಂಡೆಯಲ್ಲಿ ಕಾವಲುಗಾರರಿರಲಿಲ್ಲ. ಅಬಾಯಾ ಮಡಚಿ ಚೀಲಕ್ಕೆ ಹಾಕಿದ ಅತ್ತೆ ಮತ್ತೆ ಫೋನ್ ಎತ್ತಿದರು. "ಇಲ್ಲಿ ಯಾರೂ ಬೇಡ ಅನ್ನಲ್ಲ ಕಣೋ."

ಚಿರಂತನ್‌ನ ಕೈ ಅರ್ಧ ಮೇಲೆದ್ದು, ಜೇಬಿನೊಳಗೆ ಹೋಯಿತು. ಮಾನಸ ನೀರು ನೋಡುತ್ತಿದ್ದಳು. ಅತ್ತೆ ಸ್ವಲ್ಪ ಹೊತ್ತು ಕಾದರು. ಆಮೇಲೆ ಫೋನ್ ಇಳಿಸಿ, ಸೆರಗಿನಿಂದ ಅದರ ಗಾಜು ಒರೆಸಿದರು.

ಅರಮನೆ ಬಾಕಿಯಿದೆ, ಮ್ಯೂಸಿಯಮ್ಮಿಗೆ ಟಿಕೆಟ್ ತೆಗೆದಾಗಿದೆ ಎಂದು ಚಿರಂತನ್ ನೆನಪಿಸಿದ.

"ಸಾಕು. ಖಲಾಸ್," ಎಂದರು ಅತ್ತೆ, ಮನೆ ಕೆಳಗಿನ ಅಂಗಡಿಯವನಿಂದ ಕಲಿತಿದ್ದ ಪದದಲ್ಲಿ. ಯಾರೂ ನಗಲಿಲ್ಲ.

ಕಾರಿನ ಹತ್ತಿರ ಮಾನಸ ಎಂದಿನಂತೆ ಅವರಿಗಾಗಿ ಹಿಂದಿನ ಬಾಗಿಲು ತೆಗೆದು ಹಿಡಿದಳು. ಅತ್ತೆ ಅದನ್ನು ದಾಟಿ ಹೋಗಿ, ಮುಂದಿನ ಬಾಗಿಲು ತೆಗೆದು, ಮಗನ ಪಕ್ಕ ಕೂತರು. ಬೆಲ್ಟನ್ನು ಎಳೆದುಕೊಂಡರು. ಎಲ್ಲಿ ಸಿಕ್ಕಿಸುವುದೆಂದು ತಿಳಿಯದೆ ತುದಿಯನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಚಿರಂತನ್ ಸ್ಟೀರಿಂಗ್ ಹಿಡಿದು ನೇರ ನೋಡುತ್ತಿದ್ದ.

ಮಾನಸ ಹಿಂದಿನ ಸೀಟಿನಿಂದ ಬಾಗಿ, ಆ ತುದಿಯನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡು, ಕೊಂಡಿಗೆ ಒತ್ತಿದಳು.