ಹಿಂದಿನ ಸೀಟಿನಲ್ಲಿ ಹುಟ್ಟಿದವಳು

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಾರಮ್ಮ ಎಂದೇ. ಬಾಯಿ ಜೋರು, ಅದಕ್ಕೇ ಖಾರಮ್ಮ ಎಂದು ಹೊಸಬರು ತಿಳಿಯುತ್ತಿದ್ದರು. ನಿಜ ಸಂಗತಿಯೇ ಬೇರೆ. ಅವಳು ಹುಟ್ಟಿದ್ದು ಕಾರಿನಲ್ಲಿ. ಹಾಗೆಂದು ಅಮ್ಮ ಹೇಳುತ್ತ ಬಂದಿದ್ದಳು. ಮಗಳು ಅರ್ಧ ನಂಬಿ, ಅರ್ಧ ನಕ್ಕು ದೊಡ್ಡವಳಾಗಿ ಬಸ್ಸಿನ ಸ್ಟೀರಿಂಗ್ ಹಿಡಿದಿದ್ದಳು.

ಒಂದು ದಿನ ಪತ್ರಿಕೆಯಲ್ಲಿ ಹಳೆಯ ಕಾರೊಂದು ಮಾರಾಟಕ್ಕಿದೆ ಎಂಬ ಜಾಹೀರಾತು ಬಂತು. ಚಿತ್ರ ನೋಡಿದ್ದೇ ತಡ, ಅಮ್ಮ ಎದ್ದು ನಿಂತಳು.

"ಇದೇ ಕಣೇ! ಹಿಂದಿನ ಬಾಗಿಲು ನೋಡು, ಬೀರು ಥರ ಹಿಂದಕ್ಕೆ ತೆರ್ಕೊಳ್ಳುತ್ತೆ."

"ಸುಮ್ನಿರಮ್ಮ, ಹಳೇ ಕಾರೆಲ್ಲ ಹಾಗೇ ಇರ್ತವೆ."

"ಹೆತ್ತೋಳಿಗೆ ಗೊತ್ತಿರಲ್ವಾ? ನಡಿ. ನೀನು ಹುಟ್ಟಿದ ವಾರಕ್ಕೇ ನಿಮ್ಮಪ್ಪನ ಕೆಲಸ ಅಂತ ಊರು ಬಿಟ್ವಿ. ತಿರುಗಿ ಬರೋ ಹೊತ್ತಿಗೆ ಆ ಕಾರಿನ ಮನೆಯವರು ಮನೆ ಬದಲಾಯಿಸಿದ್ರು. ಅವತ್ತು ನನ್ನ ಕಾರಲ್ಲಿ ಕರ್ಕೊಂಡು ಹೊರಟ ಆ ಯಮ್ಮನಿಗೆ ಒಂದು ಒಳ್ಳೇ ಮಾತು ಹೇಳೋಕೂ ಆಗಲಿಲ್ಲ."

ವಿಳಾಸ ಹಿಡಿದು ಹೋದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಕೊಳ್ಳಲು ಬಂದಿದ್ದ ಹೋಟೆಲಿನ ಮಾಲೀಕ ಕಾರಿನ ಸುತ್ತ ಮೆಲ್ಲಗೆ ಓಡಾಡುತ್ತಿದ್ದ. ಕಂಪನಿ ಮಾಡಿದ್ದು ಎಂಜಿನ್ನು, ಅಡಿಯ ಚಾಸಿ ಮಾತ್ರ. ಮೇಲಿನ ಮೈಯನ್ನೆಲ್ಲ ಬೇರೆ ಕಾರ್ಖಾನೆಯವರು ಮರದ ಚೌಕಟ್ಟಿಗೆ ತಗಡು ಹೊದಿಸಿ, ಕೈಯಲ್ಲೇ ಬಡಿದು ಬಾಗಿಸಿ ಕಟ್ಟಿದ್ದರು. ಮುಂದಿನ ಚಕ್ರದ ಮೇಲಿಂದ ಹಿಂದಿನ ಚಕ್ರದವರೆಗೂ ಒಂದೇ ಇಳಿಜಾರು, ಎಲ್ಲೂ ಬೆಸುಗೆಯ ಗುರುತಿಲ್ಲ. ಪಕ್ಕದ ಕುರ್ಚಿಯಲ್ಲಿ ಮನೆಯೊಡತಿ ಕೂತಿದ್ದರು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು; ಅದಕ್ಕೇ ಮಾರುತ್ತಿದ್ದುದು.

"ಅಮ್ಮಾವ್ರೇ, ನಾನು ನಿಮ್ಮನೇಲಿ ಇಸ್ತ್ರಿ ಮಾಡ್ತಿದ್ದವಳು."

ಒಡತಿ ದನಿ ಬಂದತ್ತ ಮುಖ ತಿರುಗಿಸಿದರು. "ರೈಲ್ವೆ ಗೇಟಿನವಳಾ? ಮಗು... ಮಗು ಹೇಗಿದೆ?"

"ಇಲ್ಲೇ ನಿಂತಿದೆ. ಬಸ್ಸು ಓಡಿಸುತ್ತೆ."

ಒಡತಿ ಬಿದ್ದು ಬಿದ್ದು ನಕ್ಕರು. ಆಮೇಲೆ ಕಾರಮ್ಮನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಕೇಳಮ್ಮ. ನಮ್ಮ ಯಜಮಾನರು ನನಗೆ ಈ ಕಾರಿನ ಸ್ಟೀರಿಂಗ್ ಮುಟ್ಟೋಕೂ ಬಿಡ್ತಿರಲಿಲ್ಲ. ಡ್ರೈವರನ್ನ ಪುಸಲಾಯಿಸಿ ಶೆಡ್ಡಿಂದ ಮನೆ ಗೇಟಿನ ತನಕ ಓಡಿಸೋದು ಕಲ್ತಿದ್ದೆ, ಅಷ್ಟೇ. ಅವತ್ತು ಯಜಮಾನರೂ ಇಲ್ಲ, ಡ್ರೈವರೂ ಇಲ್ಲ. ನಿಮ್ಮಮ್ಮ ಇಸ್ತ್ರಿ ಮೇಜಿನ ಹತ್ತಿರ ಕುಸಿದಳು. ಹಿಂದಿನ ಸೀಟಲ್ಲಿ ಮಲಗಿಸಿ, ದೇವರ ಮೇಲೆ ಭಾರ ಹಾಕಿ ಆಸ್ಪತ್ರೆಗೆ ಹೊರಟೆ. ರೈಲ್ವೆ ಗೇಟು ಹಾಕಿತ್ತು, ನೀನು ಕಾಯಲಿಲ್ಲ!"

"ಯಜಮಾನರು ಬೈದ್ರಾ?" ಎಂದಳು ಕಾರಮ್ಮ.

"ಬೈತಾರೆ ಅಂತಲೇ ಅಂದ್ಕೊಂಡಿದ್ದೆ. ಸೀಟು ನೋಡಿದ್ರು, ನನ್ನ ಮುಖ ನೋಡಿದ್ರು. ಡ್ರೈವರ್ ಪಕ್ಕದ ಸೀಟಲ್ಲಿ ಕೂತು, 'ನಡಿ, ಓಡಿಸು, ನಾನೂ ನೋಡ್ತೀನಿ' ಅಂದ್ರು. ಅವರು ತೀರಿಹೋದ ಮೇಲೆ ಹೆಂಗಸರಿಗೆ ಡ್ರೈವಿಂಗ್ ಕಲಿಸ್ತಾನೇ ಬದುಕು ಕಟ್ಕೊಂಡೆ. ಅವತ್ತು ನೀನು ಅವಸರ ಮಾಡದಿದ್ರೆ ನಾನು ಮನೆ ಗೇಟಿನ ಆಚೆ ಹೋಗ್ತಾನೇ ಇರಲಿಲ್ಲ."

ಅಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ನಿಮ್ಮ ಋಣ..." ಎನ್ನುವಷ್ಟರಲ್ಲಿ ಅತ್ತುಬಿಟ್ಟಳು.

"ಆ ಮಾತು ನಾನಾಡಬೇಕು" ಎಂದು ಒಡತಿ ಹೋಟೆಲಿನವನತ್ತ ತಿರುಗಿದರು. "ಕಾರು ನಿಮ್ಮದೇ, ಮಾತು ಕೊಟ್ಟಾಯ್ತು. ಒಂದು ಸುತ್ತು ಹೋಗಿ ಬರ್ತೀವಿ. ಅಲ್ಲೀವರೆಗೆ ಟೀ ಕುಡೀರಿ."

ಅವನು ಟೀ ಬೇಡವೆಂದು ತಾನೇ ಗೇಟು ತೆರೆಯಲು ಹೋದ.

ಎಂಜಿನ್ನು ಕೆಮ್ಮಿ, ಆಮೇಲೆ ಸದ್ದೇ ಇಲ್ಲದಂತೆ ಉಸಿರಾಡತೊಡಗಿತು. ಬಸ್ಸಿನ ಗೇರಿಗೆ ಪಳಗಿದ ಕಾರಮ್ಮನ ಕೈಗೆ ಇದರ ಗೇರು ಬೆಣ್ಣೆಯ ಹಾಗೆ ಜಾರಿತು. "ಕ್ಲಚ್ಚು ನಿಧಾನ ಬಿಡು... ಹಾಂ, ಹಾಗೆ" ಎನ್ನುತ್ತ ಒಡತಿ ಹಿಂದಿನ ಸೀಟಿನಿಂದ ಪಾಠ ಶುರುಮಾಡಿದರು. ಡಿಪೋದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಕಾರಮ್ಮ ಖಾರವನ್ನೇ ಕಾರುತ್ತಿದ್ದಳು. ಇಲ್ಲಿ "ಸರಿ ಅಮ್ಮಾವ್ರೇ" ಎಂದಳು. ಕನ್ನಡಿಯಲ್ಲಿ ಇಬ್ಬರು ಮುದುಕಿಯರೂ ಕೈ ಕೈ ಹಿಡಿದು ಒಟ್ಟಿಗೇ ಮಾತಾಡುತ್ತಿದ್ದರು. ಮನೆಯ ತಿರುವು ಬಂತು. ಕಾರಮ್ಮ ತಿರುಗಿಸದೆ ನೇರ ಹೋದಳು.